ಗೋಳಗುಮ್ಮಟದ ಪಿಸುಮಾತಿನಿಂದ ಸಿನಿಮಾ ತಂಡದ ಗುಟ್ಟು ಬಯಲಾಗಬಹುದೇ?

ವಿಜಯಪುರಕ್ಕೆ ಚಿತ್ರೀಕರಣಕ್ಕೆಂದು ಬಂದ ತಂಡವೊಂದರ ನಟರು ಮತ್ತು ತಂತ್ರಜ್ಞರ ಗುಟ್ಟುಗಳನ್ನು ಕುರಿತು ಸಸ್ಪೆನ್ಸ್ ಕಾದಂಬರಿ ಬರೆಯುತ್ತಿರುವುದಾಗಿಯೂ, ನಾಯಕಿಯ ರಹಸ್ಯವನ್ನು ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಇನ್ನೊಬ್ಬರು ಆಕಸ್ಮಿಕವಾಗಿ ಕೇಳಿಸಿಕೊಳ್ಳುವುದು ನಂಬುವಂತಿರುತ್ತದೆಯೇ ಎಂದೂ ನೀವು ಕೇಳಿದ್ದೀರಿ. ನಾನು ಇದೇ ಊರಿನವನು. ಕೆಲವು ವರ್ಷ ಸಹಾಯಕ ನಿರ್ದೇಶಕನಾಗಿ ಕಂಟಿನ್ಯುಟಿ, ಅಂದರೆ ಒಂದೇ ದೃಶ್ಯದ ಶಾಟ್‌ಗಳಲ್ಲಿ ಉಡುಪು, ಆಭರಣ, ವಸ್ತುಗಳು ಹೊಂದುವಂತೆ ನೋಡಿಕೊಳ್ಳುವ ಟಿಪ್ಪಣಿ, ಬರೆಯುವ ಕೆಲಸ ಮಾಡಿದ್ದೇನೆ. ನೀವು ಯೋಚಿಸಿರುವ ರೀತಿಯಲ್ಲಿ ಅದನ್ನು ನಂಬುವುದು ಕಷ್ಟ. ಆದರೆ ಸ್ವಲ್ಪ ಬದಲಿಸಿಕೊಂಡರೆ ಅಲ್ಲಿಯೇ ಇನ್ನೂ ಒಳ್ಳೆಯ ಸನ್ನಿವೇಶ ಸಿಗುತ್ತದೆ.

1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಸಮಾಧಿಯ ಮೇಲಿರುವ ಆ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗಿನ ಗ್ಯಾಲರಿಯಲ್ಲಿ ಪಿಸುಮಾತು ಬಾಗಿದ ಗೋಡೆಯನ್ನೇ ಹಿಡಿದು ಎದುರು ಬದಿಗೆ ಸಾಗುತ್ತದೆ. ಹೇಳುವವರ ಬಾಯಿ ಗೋಡೆಯ ಹತ್ತಿರ ಇರಬೇಕು, ಕೇಳುವವರ ಕಿವಿಯೂ ಗೋಡೆಗೆ ಹತ್ತಿರವಿರಬೇಕು. ಹಗಲು ಹೊತ್ತಿನಲ್ಲಿ ಶಾಲಾ ಮಕ್ಕಳು ಚಪ್ಪಾಳೆ ತಟ್ಟಿ, ಕೂಗಿ ಪ್ರತಿಧ್ವನಿ ಎಣಿಸುತ್ತಿರುವಾಗ ಯಾರ ಪಿಸುಮಾತೂ ಯಾರಿಗೂ ಕೇಳಿಸುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಹೊಸತರಲ್ಲಿ ಮಾತ್ರ ಅದು ಸಾಧ್ಯ. ಕಟ್ಟಡವು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಮಧ್ಯರಾತ್ರಿಯ ದೃಶ್ಯವನ್ನು ಅದರೊಳಗೆ ಇಡಬೇಡಿ.

ಇನ್ನು ಸೆಟ್ಟಿನ ವಿಷಯ. ಲೈಟ್ ಬಾಯ್‌ಗಳಿಂದ ಹಿಡಿದು ಡ್ರೈವರ್‌ಗಳವರೆಗೆ ಎಲ್ಲರೂ ಒಮ್ಮೆಲೇ ಸುಮ್ಮನಾಗುವುದು ‘ಸೈಲೆನ್ಸ್’ ಎಂದ ಮೇಲೆಯೇ. ಆಗ ಮೊದಲು ಧ್ವನಿಮುದ್ರಣ ಶುರುವಾಗುತ್ತದೆ, ನಂತರ ಕ್ಯಾಮೆರಾ, ಆಮೇಲೆ ಕ್ಲ್ಯಾಪ್, ಕೊನೆಗೆ ‘ಆ್ಯಕ್ಷನ್’. ಕ್ಲ್ಯಾಪ್‌ಗೆ ಮುಂಚಿನ ಆ ಕೆಲವು ಸೆಕೆಂಡುಗಳು ದಾಖಲಾಗುತ್ತವೆ, ಆದರೆ ಯಾರಿಗೂ ಬೇಕಾಗುವುದಿಲ್ಲ. ನಂತರ ಡಬ್ಬಿಂಗ್ ಮಾಡುವ ಚಿತ್ರವಾದರೆ ಸೆಟ್ಟಿನ ಧ್ವನಿಯು ಪೈಲಟ್ ಟ್ರ್ಯಾಕ್ ಆಗಿ, ಅಂದರೆ ಡಬ್ಬಿಂಗ್‌ಗೆ ದಾರಿ ತೋರುವ ಧ್ವನಿಯಾಗಿ ಉಳಿದು, ತಿಂಗಳುಗಳ ನಂತರ ಬೆಂಗಳೂರಿನ ಸ್ಟುಡಿಯೋದಲ್ಲಿ ನಟರ ಹೆಡ್‌ಫೋನಿಗೆ ಬರುತ್ತದೆ. ನಿಮ್ಮ ನಾಯಕಿ ಶಾಟ್‌ಗಾಗಿ ಗ್ಯಾಲರಿಯ ಗೋಡೆಗೆ ಒರಗಿ ನಿಂತಿರುವಾಗ, ಎದುರು ಬದಿಯಲ್ಲಿ ಯಾರೋ ಪಕ್ಕದವರಿಗೆ ಮಾತ್ರ ಎಂದುಕೊಂಡು ಹೇಳಿದ ಒಂದು ಮಾತು ಅವಳ ಕಾಲರ್ ಮೈಕಿಗೆ ಸಿಕ್ಕಿತೆನ್ನಿ. ಅದನ್ನು ಅವಳು ಕೇಳುವುದು ತನ್ನದೇ ಸಂಭಾಷಣೆಗೆ ದನಿ ಕೊಡುವಾಗ. ಅಷ್ಟರಲ್ಲಿ ತಂಡ ಚದುರಿಹೋಗಿರುತ್ತದೆ.

ಕಂಟಿನ್ಯುಟಿ ಹಾಳೆಗಳನ್ನೂ ಬಿಡಬೇಡಿ ಎಂದು ಒತ್ತಾಯಿಸುತ್ತೇನೆ, ಏಕೆಂದರೆ ನನಗೆ ಮರೆಯಲಾಗದ ಘಟನೆಯೊಂದು ಅವುಗಳಲ್ಲಿಯೇ ಇದೆ. ಬಾದಾಮಿಯಲ್ಲಿ, ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಎರಡು ದಿನ ಒಂದೇ ದೃಶ್ಯ ನಡೆದಿತ್ತು. ಮೊದಲ ದಿನ ಪೋಷಕ ನಟಿಯೊಬ್ಬರ ಎಡಗೈಯಲ್ಲಿ 12 ಹಸಿರು ಗಾಜಿನ ಬಳೆಗಳಿದ್ದವು. ಮರುದಿನ ಬೆಳಿಗ್ಗೆ, ಎಂದಿನಂತೆ ಫೋಟೋ ತೆಗೆದು ಎಣಿಸಿದರೆ 9 ಇದ್ದವು. ಮಣಿಕಟ್ಟಿನ ಒಳಬದಿಯಲ್ಲಿ ಗಾಜು ಗೀರಿದ ಎರಡು ಗೆರೆಗಳು ಇನ್ನೂ ಹಸಿಯಾಗಿದ್ದವು. ನಾನು ಪೆನ್ನು ತೆಗೆಯುತ್ತಿದ್ದಂತೆ ಹುಬ್ಬಳ್ಳಿ ಕಡೆಯ ಹೇರ್ ಡ್ರೆಸ್ಸರ್ ಅಕ್ಕ ನನ್ನ ಹತ್ತಿರ ಬಂದು, ‘ಸರ, ಬಳಿ ನಾ ತಂದು ಹಾಕ್ತೀನ್ರಿ, ಇದನ್ನೊಂದು ಬರೀಬ್ಯಾಡ್ರಿ’ ಎಂದರು. ನಾನು ಹಾಳೆಯಲ್ಲಿ 12 ಎಂದೇ ಬರೆದೆ. ಏನಾಯಿತೆಂದು ಆ ಹೆಣ್ಣುಮಗಳನ್ನು ಕೇಳುವ ಧೈರ್ಯ ಅಂದು ನನಗೆ ಬರಲಿಲ್ಲ ಎಂಬ ನೋವು ಇಂದಿಗೂ ಇದೆ.

ಹಾಳೆಯಲ್ಲಿ 12, ಅದೇ ಬೆಳಗಿನ ಫೋಟೋದಲ್ಲಿ 9. ನಿಮ್ಮ ಕಾದಂಬರಿಯಲ್ಲಿ ಇಂಥ ವ್ಯತ್ಯಾಸವನ್ನು ಮೊದಲು ಗಮನಿಸುವವರು ಪೊಲೀಸರಾಗದೆ, ಶಾಟ್‌ಗಳನ್ನು ಜೋಡಿಸಲು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕುಳಿತ ಸಹಾಯಕ ಸಂಕಲನಕಾರರಾಗಲಿ.