ವಾರಕ್ಕೆ 40 ಗಂಟೆ ಥೆರಪಿ ಬೇಕೇ ಬೇಕಾ?

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಆಟಿಸಂ ಎಂದು ಗೊತ್ತಾಗಿ ತಿಂಗಳಾಯಿತು. ಮಾತಿಲ್ಲ, ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆಯುತ್ತಾನೆ. ವಾರಕ್ಕೆ 40 ಗಂಟೆ ಬಿಹೇವಿಯರ್ ಥೆರಪಿ ಕೊಡಿಸದಿದ್ದರೆ ಪ್ರಯೋಜನವಿಲ್ಲ ಎನ್ನುತ್ತಾರೆ. ನಮ್ಮಿಂದ ಅಷ್ಟು ಆಗದು. ಮನೆಯಲ್ಲಿ ಏನು ಮಾಡಬಹುದು?

ಉತ್ತರ: ಆ 40ರ ಲೆಕ್ಕ ಶುರುವಾದದ್ದು 1987ರಲ್ಲಿ ಮನಶ್ಶಾಸ್ತ್ರಜ್ಞ ಐವರ್ ಲೊವಾಸ್ ಪ್ರಕಟಿಸಿದ ಅಧ್ಯಯನದಿಂದ. ತೀವ್ರ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ತರಗತಿಯಲ್ಲೇ ಒಂದನೇ ಕ್ಲಾಸು ಮುಗಿಸಿದರು. ಆದರೆ ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ, ಹಾಗಾಗಿ ಈ ಫಲಕ್ಕೆ ತರಬೇತಿಯೊಂದೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ಗದರುವುದು, ತೊಡೆಗೆ ಏಟು ಕೊಡುವುದೂ ಆ ಪದ್ಧತಿಯಲ್ಲಿತ್ತು. ಅದನ್ನು ಇಂದು ಯಾರಾದರೂ ಮಾಡಿದರೆ ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ. 2010ರ ಡೆನ್ವರ್ ಮಾದರಿಯ ಅಧ್ಯಯನದಲ್ಲಿ 18ರಿಂದ 30 ತಿಂಗಳ 48 ಮಕ್ಕಳಿದ್ದರು. ಆಟದ ನಡುವೆಯೇ ಕಲಿಸುವ ಈ ಪದ್ಧತಿಗೆ ವಾರಕ್ಕೆ 20 ಗಂಟೆ ಗೊತ್ತುಮಾಡಿ, ತಂದೆತಾಯಿಗೂ ತರಬೇತಿ ಕೊಟ್ಟಿದ್ದರು. ಎರಡು ವರ್ಷದಲ್ಲಿ ಹೀಗೆ ಕಲಿತ ಮಕ್ಕಳ ಐಕ್ಯೂ (ಬುದ್ಧಿಮಟ್ಟದ ಅಂಕ) ಸರಾಸರಿ 17.6 ಅಂಕ ಏರಿತು, ಎಂದಿನ ಚಿಕಿತ್ಸೆ ಪಡೆದ ಉಳಿದವರದು 7. ಹಾಗಾಗಿ ಗಂಟೆ ಎಣಿಸಿ ಎದೆಗುಂದಬೇಡಿ.

ಮನೆಯಲ್ಲಿ ಮೊದಲು ಕಲಿಸಬೇಕಾದದ್ದು ಬೇಕಾದದ್ದನ್ನು ಕೇಳಿ ಪಡೆಯುವುದನ್ನು. ಬಣ್ಣದ ಹೆಸರು, ಅಂಕಿ ಎಲ್ಲ ಆಮೇಲೆ. ಸೋಪಿನ ಗುಳ್ಳೆ ಊದುವ ಬಾಟಲಿ ಅವನಿಗೆ ಇಷ್ಟ ಎಂದುಕೊಳ್ಳಿ. ಎರಡು ಸಲ ಊದಿ, ಮುಚ್ಚಳ ಬಿಗಿ ಮಾಡಿ ಅವನ ಮುಂದಿಡಿ, ಅಂಗೈ ಚಾಚಿ ಸುಮ್ಮನಿರಿ. ಮನೆಯ ಇನ್ನೊಬ್ಬರು ಅವನ ಬೆನ್ನ ಹಿಂದೆ ಕೂತು, ತುಟಿಪಿಟಕ್ಕೆನ್ನದೆ, ಅವನ ಕೈ ಹಿಡಿದು ಬಾಟಲಿಯನ್ನು ನಿಮ್ಮ ಅಂಗೈಗೆ ಇಡಿಸಲಿ. ಬಾಟಲಿ ಕೈಗೆ ಬಿದ್ದ ಕ್ಷಣವೇ ‘ಊದು’ ಎಂದು ಒಂದೇ ಪದ ಹೇಳಿ ಊದಿ. ಹೀಗೆ ಸುಮಾರು ಹತ್ತು ಸಲ, ಐದು ನಿಮಿಷ. ಅವನಿಗೆ ಬೇಸರ ಬರುವ ಮೊದಲೇ ನಿಲ್ಲಿಸಿ, ದಿನಕ್ಕೆ ಮೂರು ನಾಲ್ಕು ಸಲ ಮಾಡಿ.

ಬೆನ್ನ ಹಿಂದೆ ಕೂತವರ ಸಹಾಯ ಬೇಗ ಕಡಿಮೆಯಾಗಬೇಕು: ಮೊದಲು ಮಣಿಕಟ್ಟು ಹಿಡಿಯುವುದು, ನಂತರ ಮೊಣಕೈಗೆ ಬರೀ ಸ್ಪರ್ಶ, ಆಮೇಲೆ ಏನೂ ಇಲ್ಲ. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ. ‘ಏನು ಬೇಕು ಪುಟ್ಟಾ? ಹೇಳು, ಹೇಳು’ ಎಂದು ಪ್ರತಿಸಲ ಕೇಳಿದರೆ ಮಗು ಆ ಪ್ರಶ್ನೆಗಾಗಿಯೇ ಕಾಯಲು ಕಲಿಯುತ್ತದೆ. ಬಾಟಲಿ ಕೊಟ್ಟದ್ದಕ್ಕೆ ಬಿಸ್ಕತ್ತು ಕೊಡುವುದು ಇನ್ನೊಂದು ತಪ್ಪು, ಕೇಳಿದ್ದೇ ಸಿಗಬೇಕು. ‘ಊದು’ ಎನ್ನುವವರೆಗೆ ಊದುವುದಿಲ್ಲ ಎಂಬ ಹಟವೂ ಬೇಡ.

ಗೋಡೆಗೆ ಒಂದು ಹಾಳೆ ಅಂಟಿಸಿ, ಸಹಾಯವಿಲ್ಲದೆ ಕೊಟ್ಟರೆ ಅಡ್ಡಗೆರೆ, ಸಹಾಯದಿಂದ ಕೊಟ್ಟರೆ ಸೊನ್ನೆ ಹಾಕಿ. ಎರಡು ಮೂರು ದಿನ ಹತ್ತಕ್ಕೆ ಎಂಟು ಗೆರೆ ಬಂದರೆ ಅಪ್ಪ, ಅಜ್ಜಿಯ ಜೊತೆ ಅದನ್ನೇ ಮಾಡಿಸಿ. ಸೊನ್ನೆಗಳೇ ತುಂಬಿದರೆ ಅಂದು ಗುಳ್ಳೆ ಅವನಿಗೆ ಬೇಡವಾಗಿರಬಹುದು. ವಸ್ತು ಬದಲಿಸಿ ನೋಡಿ.

ಪ್ರಶ್ನೆ: ಮಗಳು ಕಿರುಚಿದಾಗ ಗಮನ ಕೊಡಬೇಡಿ ಎಂದರು. ಹಾಗೆ ಮಾಡಿದ ಮೇಲೆ ಕಿರುಚಾಟ ಇಮ್ಮಡಿಯಾಗಿದೆ.

ಉತ್ತರ: ಇಷ್ಟು ದಿನ ಫಲ ಕೊಟ್ಟ ಉಪಾಯ ದಿಢೀರನೆ ಕೈಕೊಟ್ಟರೆ ಮೊದಲು ಅದು ಜೋರಾಗುವುದುಂಟು. ಹದಿನೈದು ನಿಮಿಷ ತಡೆದುಕೊಂಡು ಆಮೇಲೆ ಸೋತರೆ, ಹದಿನೈದು ನಿಮಿಷ ಕಿರುಚಬೇಕು ಎಂಬ ಪಾಠವನ್ನು ನೀವೇ ಕಲಿಸಿದಂತೆ. ಆದರೆ ಅವಳು ಕಿರುಚುವುದು ಗಮನಕ್ಕಾಗಿಯೇ ಎಂದು ಯಾರು ನೋಡಿದರು? ಒಂದು ವಾರ ಮೂರು ಸಂಗತಿ ಬರೆದಿಡಿ: ಕಿರುಚುವ ಮುಂಚೆ ಏನಾಗಿತ್ತು, ಏನು ಮಾಡಿದಳು, ತಕ್ಷಣ ಏನು ಸಿಕ್ಕಿತು. ಮಿಕ್ಸಿ ಹಾಕಿದಾಗೆಲ್ಲ ಕಿರುಚಿದರೆ ಅದು ಸದ್ದಿನ ಹಿಂಸೆ, ಅಲಕ್ಷ್ಯ ಅದಕ್ಕೆ ಮದ್ದಲ್ಲ. ಕೆಲಸ ತಪ್ಪಿಸಿಕೊಳ್ಳಲು ಕಿರುಚಿದರೆ ‘ಸಾಕು’ ಎಂಬ ಚಿತ್ರದ ಕಾರ್ಡ್ ಕೊಡುವುದನ್ನು ಕಲಿಸಿ. ಮೊದಮೊದಲು ಕಾರ್ಡ್ ಕೊಟ್ಟ ಪ್ರತಿಸಲವೂ ಒಪ್ಪಲೇಬೇಕು. ಕಿರುಚಾಟ ಹೊಸದಾಗಿ ಶುರುವಾಗಿದ್ದರೆ ಮೊದಲು ಕಿವಿ, ಹಲ್ಲು, ಮಲಬದ್ಧತೆಯ ಬಗ್ಗೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಥೆರಪಿ ಕೇಂದ್ರ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಒಳಗೆ ಕೂತು ನೋಡಲು ಬಿಡುತ್ತಾರಾ ಕೇಳಿ. ಗುಣವಾಗುವ ಗ್ಯಾರಂಟಿ ಕೊಟ್ಟರೆ ಅಲ್ಲಿಗೇ ಬಿಡಿ. ಮಗುವಿನ ಗುರಿಗಳ ಪಟ್ಟಿ ತರಿಸಿ ಓದಿ: ‘ಕೈ ಆಡಿಸದೆ ಕೂರುವುದು’, ‘ಕಣ್ಣಲ್ಲಿ ಕಣ್ಣಿಟ್ಟು ನೋಡುವುದು’ ಇಂಥವೇ ತುಂಬಿದ್ದು, ನೀರು ಕೇಳುವುದು, ಬೇಡ ಎನ್ನುವುದು ಎಲ್ಲೂ ಇಲ್ಲದಿದ್ದರೆ ಬೇರೆ ಕಡೆ ಹುಡುಕಿ.