ತಟ್ಟೆಯ ಬೆನ್ನನ್ನು ಮೊದಲು ನೋಡಿ

ಪ್ರಶ್ನೆ: ಉದ್ಯೋಗದ ನಿಮಿತ್ತ ಎರಡು ವರ್ಷಗಳಿಂದ ಲಿಯೋನ್ ನಗರದಲ್ಲಿದ್ದೇನೆ. ಇಲ್ಲಿನ ಹಳೆಯ ಸಾಮಾನುಗಳ ಸಂತೆಯಲ್ಲಿ ಅಂಗೈ ಅಗಲದಿಂದ ಗೇಣುದ್ದದವರೆಗಿನ ಅಲಂಕಾರದ ಕಂಚಿನ ತಟ್ಟೆಗಳು ಕಾಣುತ್ತವೆ. ಮಾರುವವರು ಅವನ್ನು ‘ವೀದ್-ಪೋಶ್’ ಎನ್ನುತ್ತಾರೆ. ಇವು ಯಾವ ಕೆಲಸಕ್ಕಾಗಿ ಹುಟ್ಟಿದವು? ಹಿಂಬದಿಯಲ್ಲಿ ‘ಎಫ್. ಬಾರ್ಬೆದಿಯೆನ್’ ಎಂಬ ಹೆಸರಿದ್ದರೆ ನಂಬಿ ಕೊಳ್ಳಬಹುದೇ?
(ಮೂಲತಃ ಹಾಸನದವರು, ಈಗ ಫ್ರಾನ್ಸ್)

ಉತ್ತರ: ‘ವೀದ್-ಪೋಶ್’ ಎಂಬುದರ ನೇರ ಅರ್ಥ ‘ಜೇಬು ಖಾಲಿ ಮಾಡುವುದು’. ಮನೆಗೆ ಬಂದ ಯಜಮಾನ ಚಿಲ್ಲರೆ, ಬೀಗದ ಕೈ, ಜೇಬುಗಡಿಯಾರಗಳನ್ನು ತೆಗೆದಿಡುತ್ತಿದ್ದ ತಟ್ಟೆ ಅದು. ಇದರ ಜೊತೆಗೆ, ಬಂದವರು ತಮ್ಮ ಹೆಸರಿನ ಚೀಟಿಯನ್ನು ಬಿಟ್ಟುಹೋಗಲು ಬಾಗಿಲ ಬಳಿ ಇಡುತ್ತಿದ್ದ ತಟ್ಟೆ, ಲೇಖನಿ ಇಡುವ ಉದ್ದನೆಯ ತಟ್ಟೆ ಮುಂತಾದವೂ ಇದ್ದವು. 1890ರಿಂದ 1910ರವರೆಗಿನ ‘ಆರ್ ನೂವೋ’ (‘ಹೊಸ ಕಲೆ’) ಎಂಬ ಅಲಂಕಾರ ಶೈಲಿಯ ಕಾಲದಲ್ಲಿ ಈ ಸಣ್ಣ ವಸ್ತುಗಳು ಶಿಲ್ಪಿಗಳ ಕೈಗೆ ಬಂದವು. ನೈದಿಲೆ ಎಲೆಯೇ ತಟ್ಟೆಯಾಗುವುದು, ಹೆಣ್ಣಿನ ಬಿಚ್ಚಿದ ಕೂದಲು ಹರಿದು ಅಂಚಾಗುವುದು, ಕೊಡತಿ ಹುಳುವಿನ ರೆಕ್ಕೆ ಹಿಡಿಕೆಯಾಗುವುದು ಆ ಕಾಲದ ಕಲ್ಪನೆಗಳು. ಮೋರಿಸ್ ಬೂವಾಲ್, ಶಾರ್ಲ್ ಕೋರ್ಶಾನ್ ಮುಂತಾದ ಶಿಲ್ಪಿಗಳ ಹೆಸರುಗಳೂ ಸ್ಯೂಸ್, ಲೂಶೆ, ಸಿಯೋ-ದೆಕೋವಿಲ್ ಎಂಬ ಎರಕದ ಮನೆಗಳ ಮುದ್ರೆಗಳೂ ಸಂಗ್ರಹಕಾರರಿಗೆ ಪರಿಚಿತವಾದವು.

ಫೆರ್ದಿನಾಂ ಬಾರ್ಬೆದಿಯೆನ್ (1810–1892) ಗೋಡೆಗೆ ಅಂಟಿಸುವ ಬಣ್ಣದ ಕಾಗದದ ವ್ಯಾಪಾರದಿಂದ ಬದುಕು ಆರಂಭಿಸಿದವರು. ದೊಡ್ಡ ಶಿಲ್ಪವನ್ನು ಬೇಕಾದ ಪ್ರಮಾಣಕ್ಕೆ ಕುಗ್ಗಿಸಿ ನಕಲು ಮಾಡುವ ಯಂತ್ರವನ್ನು ರೂಪಿಸಿದ ಅಶಿಲ್ ಕೋಲಾಸ್ ಅವರ ಜೊತೆ 1838ರ ವೇಳೆಗೆ ಸೇರಿ ಅವರು ಪ್ಯಾರಿಸ್‌ನಲ್ಲಿ ಕಟ್ಟಿದ ಸಂಸ್ಥೆಯು, ಪ್ರಸಿದ್ಧ ಶಿಲ್ಪಗಳನ್ನು ಮಧ್ಯಮವರ್ಗದ ಮನೆಯ ಮೇಜಿನ ಮೇಲೆ ತಂದಿರಿಸಿತು. ಅವರ ನಂತರ ಸೋದರಳಿಯ ಗುಸ್ತಾವ್ ಲೆಬ್ಲಾಂ ಅದೇ ಹೆಸರನ್ನು ಮುಂದುವರಿಸಿದರು. ಆದ್ದರಿಂದ ಮುದ್ರೆಯಲ್ಲಿರುವ ಹೆಸರೊಂದೇ ಬಾರ್ಬೆದಿಯೆನ್ ಅವರ ಜೀವಿತಕಾಲದ ಕೆಲಸವೆಂಬುದಕ್ಕೆ ಸಾಕ್ಷಿಯಾಗದು.

ಹೆಸರನ್ನು ನಂಬಿ ಕೊಳ್ಳಬೇಡಿ ಎನ್ನಲು ಇದಕ್ಕಿಂತ ದೊಡ್ಡ ಕಾರಣವಿದೆ. ಅಸಲಿ ತಟ್ಟೆಯಿಂದಲೇ ಅಚ್ಚು ತೆಗೆದು ಮತ್ತೊಮ್ಮೆ ಎರಕ ಹೊಯ್ದರೆ, ಎಲೆ ಹೂಗಳ ಜೊತೆಗೆ ಹಿಂಬದಿಯ ಹೆಸರೂ ನಕಲಾಗುತ್ತದೆ. ಆದರೆ ಕರಗಿದ ಕಂಚು ಆರುವಾಗ ನೂರಕ್ಕೆ ಒಂದೂವರೆ ಎರಡು ಪಾಲಿನಷ್ಟು ಕುಗ್ಗುವುದರಿಂದ, ಮೂವತ್ತು ಸೆಂಟಿಮೀಟರ್ ತಟ್ಟೆಯ ಮರು ಎರಕ ಐದು ಮಿಲಿಮೀಟರ್‌ನಷ್ಟು ಚಿಕ್ಕದಾಗಿರುತ್ತದೆ, ಅಕ್ಷರಗಳ ಅಂಚು ಸಾಬೂನಿನಂತೆ ಜಾರಿರುತ್ತದೆ. ಒಳ್ಳೆಯ ಎರಕದ ಮನೆಯಲ್ಲಿ ಎರಕದ ನಂತರವೇ ನಿಜವಾದ ಕೆಲಸ ಆರಂಭವಾಗುತ್ತಿತ್ತು: ಸಣ್ಣ ಉಳಿಗಳನ್ನು ಹಿಡಿದ ಕುಶಲಿಗಳು ಎಲೆಯ ನರ, ಕೂದಲಿನ ಎಳೆಗಳನ್ನು ಒಂದೊಂದಾಗಿ ತಿದ್ದುತ್ತಿದ್ದರು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಆ ಉಳಿಯ ಗೆರೆಗಳು ಚೂಪಾಗಿ ಕಂಡರೆ, ಮುದ್ರೆಯೇ ಇಲ್ಲದ ತಟ್ಟೆಯನ್ನೂ ನಾನು ಸಂತೋಷದಿಂದ ಕೊಳ್ಳುವೆನು; ಅವು ಕಾಣದಿದ್ದರೆ ಎಷ್ಟು ದೊಡ್ಡ ಹೆಸರಿದ್ದರೂ ಕೆಳಗಿಡುವೆನು.

ಪ್ರಶ್ನೆ: ನೋಡಲು ಒಂದೇ ತೆರನಾದ ಎರಡು ತಟ್ಟೆಗಳಲ್ಲಿ ಒಂದರ ಬೆಲೆ ತೀರ ಕಡಿಮೆ ಇತ್ತು. ಕೇಳಿದ್ದಕ್ಕೆ ಮಾರುವವರು ಅದು ‘ರೆಗ್ಯೂಲ್’ ಎಂದರು. ಅಯಸ್ಕಾಂತ ಹಿಡಿದು ನೋಡಿದೆ, ಎರಡಕ್ಕೂ ಅಂಟಲಿಲ್ಲ. ವ್ಯತ್ಯಾಸ ತಿಳಿಯುವುದು ಹೇಗೆ?
(ಓದುಗರು, ಬೆಂಗಳೂರು)

ಉತ್ತರ: ಅಯಸ್ಕಾಂತ ಕಬ್ಬಿಣವನ್ನು ಮಾತ್ರ ಪತ್ತೆಹಚ್ಚುತ್ತದೆ. ರೆಗ್ಯೂಲ್ ಎಂಬುದು ಈ ವ್ಯಾಪಾರದಲ್ಲಿ ಸತುವಿನ ಮಿಶ್ರಲೋಹದ ಹೆಸರು. ಸತು 419 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ, ಅದರ ಎರಡು ಪಟ್ಟಿಗಿಂತ ಹೆಚ್ಚು ಶಾಖ ಬೇಡುವ ಕಂಚಿಗಿಂತ ಅದರಲ್ಲಿ ಎರಕ ಹೊಯ್ಯುವುದು ಬಹಳ ಅಗ್ಗ. ಅದರ ಮೇಲೆ ಕಂಚಿನ ಬಣ್ಣ ಕೊಟ್ಟು ಮಾರುತ್ತಿದ್ದರು. ಅಂಚು ಸವೆದಲ್ಲಿ ಅಥವಾ ಹಿಂಬದಿಯ ಹಳೆಯ ಗೀರಿನಲ್ಲಿ ಒಳಲೋಹವನ್ನು ಗಮನಿಸಿ. ಹಳದಿ ಅಥವಾ ಕೆಂಪು ಛಾಯೆ ಇದ್ದರೆ ಕಂಚು ಇಲ್ಲವೇ ಹಿತ್ತಾಳೆ, ಬೂದು ಬಣ್ಣವಿದ್ದರೆ ಸತು. ಬೆರಳ ತುದಿಯಲ್ಲಿ ತೂಗಿಬಿಟ್ಟು ಉಗುರಿನಿಂದ ತಟ್ಟಿದರೆ ಕಂಚು ನಮ್ಮ ಪೂಜೆಯ ಗಂಟೆಯಂತೆ ನಾದವನ್ನು ಎಳೆಯುತ್ತದೆ, ಸತು ಮಡಕೆಯ ಚೂರಿನಂತೆ ‘ಠಕ್’ ಎನ್ನುತ್ತದೆ. ಫ್ರೆಂಚರ ಅಲಂಕಾರದ ‘ಕಂಚು’ಗಳಲ್ಲಿ ಅನೇಕವು ತಾಮ್ರ ತವರಗಳ ಬದಲು ತಾಮ್ರ ಸತುಗಳ ಮಿಶ್ರಣ, ಅಂದರೆ ಹಿತ್ತಾಳೆ. ಅದನ್ನು ಮೋಸವೆಂದು ಯಾರೂ ಬಗೆಯುವುದಿಲ್ಲ.

ಪ್ರಶ್ನೆ: ವಿಂಬಲ್ಡನ್ ಮಹಿಳಾ ವಿಜೇತರಿಗೆ ಕೊಡುವ ತಟ್ಟೆಯೂ ಫ್ರೆಂಚರದೇ ಎಂದು ಗೆಳೆಯರೊಬ್ಬರು ವಾದಿಸಿದರು. ನಿಜವೇ?
(ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಅರ್ಧ ನಿಜ. ಲೊರೇನ್ ಪ್ರಾಂತದಲ್ಲಿ ಹುಟ್ಟಿದ ಫ್ರಾನ್ಸ್ವಾ ಬ್ರಿಯೋ ಎಂಬ ಕುಶಲಿ ಹದಿನಾರನೆಯ ಶತಮಾನದ ಕೊನೆಯಲ್ಲಿ ಮಾಡಿದ, ಮಧ್ಯದಲ್ಲಿ ‘ಸಂಯಮ’ದ ಸ್ತ್ರೀರೂಪವಿರುವ ತವರದ ಹರಿವಾಣವೇ ಆ ವಿನ್ಯಾಸದ ಮೂಲ. ಆದರೆ ಈಗಿನ ತಟ್ಟೆ 1864ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಸಂಸ್ಥೆಯಲ್ಲಿ ತಯಾರಾದದ್ದು; ಲೋಹವೂ ಕಂಚಲ್ಲ, ಬೆಳ್ಳಿ. ಅದನ್ನು ಮಾಡಿದ್ದು ಅಚ್ಚಿನೊಳಗೆ ವಿದ್ಯುತ್ತಿನ ನೆರವಿನಿಂದ ಲೋಹವನ್ನು ಪದರ ಪದರವಾಗಿ ಕೂರಿಸುವ ವಿಧಾನದಿಂದ; ಈ ವಿಧಾನ ಫ್ರಾನ್ಸಿನಲ್ಲಿಯೂ ಬಳಕೆಯಲ್ಲಿತ್ತು. ಹೀಗೆ ತಯಾರಾದ ತೆಳ್ಳನೆಯ ತಾಮ್ರದ ತಟ್ಟೆಗಳನ್ನು ಇಂದು ಕಂಚಿನ ಎರಕವೆಂದು ಮಾರುವುದುಂಟು. ಮುಂದಿನ ಉಬ್ಬುಗಳೆಲ್ಲ ಹಿಂಬದಿಯಲ್ಲಿ ತಗ್ಗಾಗಿ ಕಂಡು, ತೂಕ ಹಗುರವಾಗಿದ್ದರೆ ಸಂಶಯಪಡಬಹುದು.

ಪ್ರಶ್ನೆ: ಮಗ ಪ್ಯಾರಿಸ್‌ನಿಂದ ತಂದ ಕಂದು ಬಣ್ಣದ ತಟ್ಟೆಯ ಒಂದು ಮೂಲೆಯನ್ನು ಮನೆಯವರು ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದರು. ಆ ಭಾಗ ಫಳಫಳ ಹೊಳೆಯಿತು, ಮಗ ಊಟ ಬಿಟ್ಟ. ಈಗ ಅಲ್ಲಲ್ಲಿ ತಿಳಿ ಹಸಿರು ಪುಡಿಯೂ ಕಾಣುತ್ತಿದೆ. ಏನು ಮಾಡಲಿ?
(ಗೃಹಿಣಿ, ಮಂಗಳೂರು)

ಉತ್ತರ: ನಮ್ಮ ಅಡುಗೆಮನೆಯಲ್ಲಿ ಸದ್ಗುಣವಾದದ್ದು ಇಲ್ಲಿ ದೋಷವಾಗಿದೆ, ಯಾರನ್ನೂ ದೂರಬೇಡಿ. ಆ ಕಂದು ಬಣ್ಣ ಕೊಳೆಯಲ್ಲ. ಬಿಸಿ ಮಾಡಿದ ಲೋಹಕ್ಕೆ ರಾಸಾಯನಿಕ ದ್ರಾವಣಗಳನ್ನು ಕುಂಚದಿಂದ ಹಚ್ಚಿ ಎರಕದ ಮನೆಯವರೇ ಬರಿಸಿದ ಬಣ್ಣ ಅದು, ಅದರ ಮೇಲೆ ನೂರು ವರ್ಷಗಳ ಕೈಸ್ಪರ್ಶ ಸೇರಿದೆ. ಹುಣಸೆಯ ಹುಳಿ ಅದನ್ನು ಕರಗಿಸಿಬಿಡುತ್ತದೆ. ಉಪ್ಪಿನ ತೊಂದರೆ ಇನ್ನೂ ಹೆಚ್ಚು: ಅದರ ಕ್ಲೋರೈಡ್ ತಾಮ್ರದೊಡನೆ ಸೇರಿ, ಗಾಳಿಯ ತೇವ ಸಿಕ್ಕಿದಾಗಲೆಲ್ಲ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಸಾಮಾನ್ಯ ಕಿಲುಬು ಗಟ್ಟಿಯಾಗಿ ಅಂಟಿಕೊಂಡಿದ್ದು ಅಲ್ಲಿಗೇ ನಿಲ್ಲುವುದುಂಟು. ಬೆರಳಿಗೆ ಹತ್ತುವ ತಿಳಿ ಹಸಿರು ಪುಡಿ ಈ ರೋಗದ ಗುರುತು, ಕರಾವಳಿಯ ಹವೆ ಅದಕ್ಕೆ ಅನುಕೂಲ.

ಪುಡಿಯನ್ನು ಮೃದುವಾದ ಬ್ರಷ್ಷಿನಿಂದ ಕೊಡವಿ, ಭಟ್ಟಿ ಇಳಿಸಿದ ನೀರಿನಲ್ಲಿ ಹಲವು ಬಾರಿ ತೊಳೆದು, ಕೂಡಲೇ ಪೂರ್ತಿ ಒಣಗಿಸಿ. ಬಳಿಕ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ತಿಂಗಳಿಡಿ. ಪುಡಿ ಮತ್ತೆ ಬಂದರೆ ಲೋಹಸಂರಕ್ಷಣೆ ಬಲ್ಲವರಿಗೇ ಒಪ್ಪಿಸಬೇಕು. ಬರದಿದ್ದರೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಹಚ್ಚಿ ಹತ್ತಿಬಟ್ಟೆಯಿಂದ ಒರೆಸಿ. ಹೊಳೆಯುವ ಮೂಲೆಗೆ ಸರಿಹೊಂದಲೆಂದು ಉಳಿದ ಭಾಗವನ್ನು ಮಾತ್ರ ತಿಕ್ಕಬೇಡಿ.

ಚಿನ್ನದ ಲೇಪವಿರುವ ತಟ್ಟೆಗೆ ಈ ಎಚ್ಚರಿಕೆ ಎರಡು ಪಾಲು ಅಗತ್ಯ. ಹಳೆಯ ವಿಧಾನದಲ್ಲಿ ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಹಚ್ಚಿ, ಕಾಯಿಸಿ ಪಾದರಸವನ್ನು ಆವಿಯಾಗಿಸುತ್ತಿದ್ದರು. ಆ ಆವಿ ಎಷ್ಟೋ ಕೆಲಸಗಾರರ ಆಯುಷ್ಯವನ್ನು ಕಿತ್ತುಕೊಂಡಿತು. 1840ರ ದಶಕದಿಂದ ವಿದ್ಯುತ್ ಲೇಪನ ಅದರ ಜಾಗಕ್ಕೆ ಬಂದಿತು. ಅದರ ಚಿನ್ನದ ಪದರ ಬಹಳ ತೆಳು. ಅಂಗಡಿಯ ಹಿತ್ತಾಳೆ ಪಾಲಿಶನ್ನು ಹಾಕಿ ನಾಲ್ಕು ಸಲ ಉಜ್ಜಿದರೆ ಚಿನ್ನವೆಲ್ಲ ಬಟ್ಟೆಗೇ ಬಂದೀತು. ಅಂಥ ತಟ್ಟೆಯ ಧೂಳನ್ನು ಒಣ ಬ್ರಷ್ಷಿನಿಂದ ತೆಗೆದರೆ ಸಾಕು, ಮೇಣವೂ ಬೇಡ.