ಇಯರ್‌ಫೋನ್ ಸಿಕ್ಕಿಸದಿದ್ದರೂ ಹೆಡ್‌ಫೋನ್ ಚಿಹ್ನೆ

ಪ್ರಶ್ನೆ: ಮಳೆ ಹಿಡಿದಾಗಿನಿಂದ ನನ್ನ ಮೊಬೈಲಿನ ಪರದೆಯಲ್ಲಿ ಹೆಡ್‌ಫೋನ್ ಚಿಹ್ನೆ ಹೋಗುತ್ತಲೇ ಇಲ್ಲ. ಕರೆ ಬಂದರೆ ಎದುರಿನವರ ಮಾತು ಕೇಳಿಸುವುದಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಇಯರ್‌ಫೋನ್ ಪಿನ್ ಸಿಕ್ಕಿಸುವ ದುಂಡು ರಂಧ್ರದ, ಅಂದರೆ 3.5 ಮಿ.ಮೀ. ಜಾಕ್‌ನ, ಒಳಗೆ ತೆಳುವಾದ ಲೋಹದ ಪಟ್ಟಿಗಳಿರುತ್ತವೆ. ಪಿನ್ ಒಳಹೊಕ್ಕಾಗ ಅವುಗಳ ವಿದ್ಯುತ್ ಸಂಪರ್ಕ ಬದಲಾಗುವುದನ್ನು ಗಮನಿಸಿ ಫೋನು ಧ್ವನಿಯನ್ನು ಹೆಡ್‌ಫೋನಿಗೆ ತಿರುಗಿಸುತ್ತದೆ. ಮಡಚಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ನಮ್ಮ ಮಲೆನಾಡಿನ ಮಳೆಗಾಲದಲ್ಲಿ, ಜೇಬಿನ ನೂಲಿನ ಎಳೆ ತೇವ ಹೀರಿ ಆ ಪಟ್ಟಿಗಳ ನಡುವೆ ಕುಳಿತರೆ ಅಥವಾ ಪಟ್ಟಿಗೇ ಕಿಲುಬು ಹಿಡಿದರೆ, ಪಿನ್ ಇಲ್ಲದೆಯೂ ಫೋನಿಗೆ ಅದೇ ಸಂಕೇತ ಸಿಗುತ್ತದೆ.

ಮೊದಲು ಬ್ಲೂಟೂತ್ ಆಫ್ ಮಾಡಿ, ಫೋನನ್ನು ರೀಸ್ಟಾರ್ಟ್ ಮಾಡಿ ನೋಡಿ. ಚಿಹ್ನೆ ಉಳಿದರೆ ಫೋನನ್ನು ಪೂರ್ತಿ ಆಫ್ ಮಾಡಿ, ಟಾರ್ಚ್ ಬೆಳಕಿನಲ್ಲಿ ರಂಧ್ರದೊಳಗೆ ಇಣುಕಿ, ಕಾಣುವ ಕಸವನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಹೊರತೆಗೆಯಿರಿ; ಸೂಜಿ ಖಂಡಿತ ಬೇಡ, ಪಟ್ಟಿ ಬಾಗಿದರೆ ಜಾಕ್ ಕೆಟ್ಟಂತೆಯೇ. ಬಳಿಕ ರಂಧ್ರ ಕೆಳಮುಖವಾಗಿರುವಂತೆ ಫ್ಯಾನಿನ ಗಾಳಿಗೆ ಒಂದು ರಾತ್ರಿ ಇಡಿ. ಬಟ್ಟೆ ಒಣಗಿಸುವಂತೆ ಬಚ್ಚಲೊಲೆಯ ಬಳಿ ಇಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಕಾವು ಬ್ಯಾಟರಿಗೆ ಅಪಾಯ. ಅಕ್ಕಿ ಡಬ್ಬಿಯೂ ಬೇಡ, ಅದರ ಹುಡಿ ಒಳಗೆ ಸೇರುತ್ತದೆ.

ಒಣಗಿದ ಮೇಲೆ ಇಯರ್‌ಫೋನ್ ಪಿನ್ನನ್ನು ಹತ್ತಾರು ಬಾರಿ ಹಾಕಿ ತೆಗೆದರೆ ಅಂಟಿಕೊಂಡ ಪಟ್ಟಿ ಬಿಡುವುದುಂಟು. ಅಲ್ಲಿಯವರೆಗೆ ಕರೆ ಬಂದಾಗ ಪರದೆಯ ಸ್ಪೀಕರ್ ಗುಂಡಿ ಒತ್ತಿ ಮಾತನಾಡಬಹುದು. ಇಷ್ಟಾದರೂ ಸರಿಹೋಗದಿದ್ದರೆ ರಿಪೇರಿ ಅಂಗಡಿಯಲ್ಲಿ ಜಾಕ್ ಬದಲಾಯಿಸಿಕೊಳ್ಳಿ.